ಪಾಟಿಯ ಒಪ್ಪಾರಿ

ಕೊರೋನಾದ ಎರಡನೇ ಬೇಸಿಗೆಯ ದಿನಗಳವು. ಶಾಲೆಗೆ ಬೀಗ ಬಿದ್ದಿತ್ತು. ಮೂರ್ನಾಡಿನ ಹತ್ತಿರದ ಕಾಫಿ ಎಸ್ಟೇಟಿನಲ್ಲಿ ಅಪ್ಪ ರೈಟರ್, ಆಳುಗಳ ಹಾಜರಿ ಬರೆಯುತ್ತಿದ್ದರು. ಪಾಠ ಬರುವಂಥ ದೊಡ್ಡ ಫೋನು ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಹಾಗಾಗಿ ಆಳುಗಳು ಸಾಲಾಗಿ ವಾಸವಿದ್ದ ಲೈನ್‌ಮನೆಗಳ ಮಕ್ಕಳಿಗೆಲ್ಲ ಏಳನೇ ಕ್ಲಾಸಿನ ನಾನೇ ಟೀಚರ್. ಅದರ ಜಂಬ ನನಗೆ ಸಾಕಷ್ಟಿತ್ತು. ನಮ್ಮ ಆಟವೂ ಕೊರೋನಾದ್ದೇ: ಕಣ್ಣು ಮುಚ್ಚಿಸಿ ಮೂಗಿನ ಮುಂದೆ ಹಲಸಿನ ತೊಳೆಯನ್ನೋ ಒಣಮೀನನ್ನೋ ಹಿಡಿಯುವುದು. ವಾಸನೆ ಗುರುತಿಸದವರು ಔಟ್.

ಆ ಮೇ ತಿಂಗಳಲ್ಲಿ ಆ ಮಕ್ಕಳಲ್ಲೊಬ್ಬಳಾದ ಸೆಲ್ವಿಯ ಪಾಟಿ, ಅಂದರೆ ತಮಿಳಿನಲ್ಲಿ ಅಜ್ಜಿ, ಆಸ್ಪತ್ರೆಗೆ ಹೋದವಳು ಮರಳಲಿಲ್ಲ. ಹೆಣವನ್ನೂ ಲೈನಿಗೆ ತರಲಿಲ್ಲ. ಅದೇ ವಾರ ಫೋನಿನಲ್ಲಿ ಶಾಲೆಯ ಟೀಚರ ದನಿ ಬಂತು: "ಮಕ್ಕಳೇ, ಕೊರೋನಾ ಬಗ್ಗೆ ಮನಸ್ಸಲ್ಲಿ ಏನುಂಟೋ ಪದ್ಯ ಬರ್ದು ಕಳ್ಸಿ. ಕೊನೇಲಿ ಸ್ವಲ್ಪ ಧೈರ್ಯ ಇರ್ಲಿ."

ಐದನೇ ಕ್ಲಾಸಿನ ಸೆಲ್ವಿ ನೋಟ್‌ಬುಕ್ಕಿನ ಹಾಳೆಯೊಂದನ್ನು ಹರಿದು ತಂದಳು. "ಅಕ್ಕಾ, ಹಂಗೇ ಕಳ್ಸಿ. ಪಾಟಿಗೆ ಯಾರೂ ಒಪ್ಪಾರಿ ಹಾಡ್ಲೇ ಇಲ್ಲ. ಇದೇ ಅದು."

ಸತ್ತವರ ಸುತ್ತ ಕೂತು ಹೆಂಗಸರು ಅತ್ತು ಹಾಡುವುದು ಒಪ್ಪಾರಿ. ಲೈನಿನಲ್ಲಿ ಎಷ್ಟೋ ಸಲ ಕೇಳಿದ್ದೆ. ಆದರೂ ನನಗೆ ಕಂಡದ್ದು ತಪ್ಪುಗಳೇ. ಅರ್ಧ ಕನ್ನಡ, ಅರ್ಧ ತಮಿಳು, ಪ್ರಾಸವಿಲ್ಲ, ಕಾಗುಣಿತ ದೇವರಿಗೇ ಪ್ರೀತಿ. ಕೂತು ತಿದ್ದಿದೆ. ಪಾಟಿ ಹೋಗಿ ಅಜ್ಜಿ ಬಂದಳು. "ಎಲ್ಲಿಗೆ ಹೋದೆ ಅಜ್ಜಿ, ಇನ್ಯಾರು ಮಾಡುವರು ಬಜ್ಜಿ" ಎಂದು ಶುರುಮಾಡಿ, "ಕೈಯ ತೊಳೆಯಿರಿ, ಕೊರೋನಾ ಓಡಿಸಿರಿ" ಎಂದು ಮುಗಿಸಿ ಕಳಿಸಿದೆ. ಟೀಚರು ಚಪ್ಪಾಳೆಯ ಚಿತ್ರ ಕಳಿಸಿದರು.

ಲೈನಿಗೆ ಓಡಿ ಎಲ್ಲರೆದುರು ಗಟ್ಟಿಯಾಗಿ ಓದಿದೆ. ಸೆಲ್ವಿ ಪೂರ್ತಿ ಕೇಳಿಸಿಕೊಂಡು, "ಇದು ಯಾರ ಅಜ್ಜಿ ಅಕ್ಕಾ?" ಅಂದಳು.

"ನಿನ್ ಪಾಟಿನೇ ಕಣೇ. ಚೆಂದ ಮಾಡಿದ್ದೀನಿ."

"ಪಾಟಿ ಬಜ್ಜಿ ಮಾಡ್ತಾನೇ ಇರ್ಲಿಲ್ಲ. ನನ್ ಹಾಳೆ ಕೊಡಿ."

ಹಾಳೆ ಎಲ್ಲಿತ್ತು? ಟೈಪ್ ಮಾಡಿ ಮುಗಿಸಿ ಬಚ್ಚಲ ಒಲೆಗೆ ಹಾಕಿದ್ದೆ. "ಇನ್ನೊಂದ್ಸಲ ಬರ್ಕೊಡೇ" ಅಂದೆ. ಅವಳು ಒಳಗೆ ಹೋದಳು. ಮರುವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಮುಗಿದ ಮೇಲೆ ಅವರ ಮನೆಯವರು ಬೇರೆ ಯಾವುದೋ ಎಸ್ಟೇಟಿಗೆ ಹೋದರು. ಎಲ್ಲಿಗೆಂದು ನಾನು ಕೇಳಲಿಲ್ಲ. ಮುಖ ಎತ್ತಿ ಕೇಳಲು ನಾಚಿಕೆಯಾಗಿತ್ತು.

ಈಗ ಕಾಲೇಜಿನಲ್ಲಿ ಕನ್ನಡ ಓದುತ್ತಿದ್ದೇನೆ. ಟೀಚರು ಮೆಚ್ಚಿದ ನನ್ನ ಪದ್ಯ ಇವತ್ತಿಗೂ ಬಾಯಿಪಾಠ, ಒಂದಕ್ಷರ ತಪ್ಪದು. ಆ ಮುದುಕಿಗಾಗಿ ಯಾರಾದರೂ ಕಟ್ಟಿದ ಒಪ್ಪಾರಿ ಸೆಲ್ವಿಯದೊಂದೇ. ಅದನ್ನು ಓದಿದವಳು ನಾನೊಬ್ಬಳೇ. ನನಗೆ ಅದರ ಒಂದು ಸಾಲೂ ನೆನಪಿಲ್ಲ.