ದಂಡೆಯ ಮೇಲಿನ ಹೂಳು

ನಮ್ಮೂರಿನ ಗ್ರಾಮ ಪಂಚಾಯತಿಗೆ ನಾನು ಸದಸ್ಯೆಯಾಗಿದ್ದಾಗ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತಿದ್ದ ಕೆಲಸ ಒಂದಿತ್ತು. ಬೇಸಿಗೆಯಲ್ಲಿ ಗಟಾರದ ಹೂಳು ತೆಗೆದು ದಂಡೆಗೆ ಹಾಕುವುದು, ಮಳೆ ಬಿದ್ದಾಗ ಆ ಹೂಳು ತಾನಾಗಿಯೇ ಮತ್ತೆ ಗಟಾರಕ್ಕೆ ಇಳಿಯುವುದು. ಮೊದಲ ಅರ್ಧಕ್ಕೆ ಬಿಲ್ ಆಗುತ್ತಿತ್ತು, ಇನ್ನರ್ಧ ಪುಕ್ಕಟೆ. ಕೇಳಿದವರಿಗೆ ಇದು ತಮಾಷೆ ಅನಿಸಬಹುದು. ನನಗೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬೇರೆ ಕೆಲಸಗಳು ಇರಲಿಲ್ಲವೆಂದಲ್ಲ. ಬೀದಿದೀಪ, ನಳ, ಉದ್ಯೋಗ ಖಾತ್ರಿ ಕೆಲಸ, ಧ್ವಜ ಏರಿಸುವುದು, ಸಭೆ, ಸಭೆಯ ಮೇಲೆ ಸಭೆ. ವಾರ್ಡ್ ಸಭೆಗೆ ಜನ ಬರಬೇಕಾದರೆ ಮನೆ ಹಂಚುತ್ತಾರೆಂಬ ಸುದ್ದಿ ಹಬ್ಬಬೇಕು. ಬಂದ ಮೇಲೆ ಎಲ್ಲರೂ ಒಟ್ಟಿಗೇ ಬಾಯಿ ತೆಗೆಯುತ್ತಾರೆ. ನಳ ಅವರವರ ಬಾಗಿಲಿಗೇ ಬರಬೇಕು. ದೀಪದ ಬೆಳಕು ಬೇಕು, ಆದರೆ ಹುಳ ಬರುತ್ತವೆ, ಕಂಬ ಆಚೆ ಮನೆಯವರ ಗೋಡೆಗಿರಲಿ. ಗಟಾರವಂತೂ ಊರಿಗೆ ಬೇಕೇ ಬೇಕು, ನಮ್ಮ ಮನೆ ಮುಂದೆ ಹಾಯುವುದು ಮಾತ್ರ ಬೇಡ. ಓಣಿಯ ಗಂಡಸರು ಇದನ್ನೆಲ್ಲ ನನಗೆ ಹೇಳುವುದು ಬಿಟ್ಟು ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ನನ್ನ ಗಂಡನಿಗೆ ಹೇಳಿ ಹೋಗುತ್ತಿದ್ದರು. "ಮೆಂಬರ್ ನಾನಲ್ಲಪಾ, ಒಳಗದಾಳ ನೋಡು, ಅಕಿಗಿ ಹೇಳು," ಎಂದು ಹೇಳಿ ಹೇಳಿ ನನ್ನ ಗಂಡನಿಗೂ ಸಾಕಾಗಿ ಹೋಗಿತ್ತು.

ಹೂಳಿನ ವಿಷಯ ಮೊದಲ ವರ್ಷ ನನಗೆ ತಿಳಿಯಲೇ ಇಲ್ಲ. ಗಟಾರ ಬಳಿಯುವವರು ಬಂದರು. ಸಲಿಕೆಯಿಂದ ಕರಿ ರಾಡಿ ಎತ್ತಿ ದಂಡೆಯುದ್ದಕ್ಕೂ ಗುಡ್ಡೆ ಹಾಕಿದರು. ಹಸಿ ರಾಡಿಯನ್ನು ಟ್ರಾಲಿಗೆ ಹೇರಿದರೆ ಊರ ತುಂಬ ಸೋರುತ್ತದೆ, ಒಣಗಲಿ ಅಂದರು. ನ್ಯಾಯವಾದ ಮಾತೇ. ಒಣಗಿತು. ಒಣಗಿದ್ದನ್ನು ಹೊತ್ತೊಯ್ಯಲು ಟ್ರ್ಯಾಕ್ಟರ್ ಬೇಕು. ಪಂಚಾಯತಿಗೆ ಸಿಗುತ್ತಿದ್ದದ್ದು ಒಂದೇ ಟ್ರ್ಯಾಕ್ಟರ್. ಬೇಸಿಗೆಯಲ್ಲಿ ಕಾಲುವೆ ಬಂದ್ ಆಗಿ ಬೋರ್‌ವೆಲ್ಲುಗಳು ಬತ್ತಿದವೆಂದರೆ ಅದಕ್ಕೆ ನೀರಿನ ಟ್ಯಾಂಕರ್ ಕಟ್ಟುತ್ತಿದ್ದರು. ಕುಡಿಯುವ ನೀರು ಬಿಟ್ಟು ರಾಡಿ ಹೇರಲು ಯಾರು ಒಪ್ಪುತ್ತಾರೆ? ನಾನೂ ಒಪ್ಪುವುದಿಲ್ಲ. ಹಾಗಾದರೆ ಟ್ರ್ಯಾಕ್ಟರ್ ಬಿಡುವಾಗುವುದು ಯಾವಾಗ? ನೀರಿನ ತ್ರಾಸು ಮುಗಿದಾಗ. ಅದು ಮುಗಿಯುವುದು ಯಾವಾಗ? ಮಳೆ ಬಂದಾಗ. ಮಳೆ ಬಂದ ಮೇಲೆ ದಂಡೆಯ ಮೇಲೆ ಹೂಳು ಎಲ್ಲಿರುತ್ತದೆ?

ಇದು ತಲೆಗೆ ಹೊಳೆದ ದಿನ ನಾನು ಪಿಡಿಒ ಹತ್ತಿರ ಓಡಿದೆ. ಪಂಚಾಯತಿಯ ಆಡಳಿತ ನೋಡುವ ಅಧಿಕಾರಿ ಅವರು. ಬಹಳ ಸಮಾಧಾನದ ಮನುಷ್ಯ. ನನ್ನ ಬಿಪಿ ಏರಿದ್ದಕ್ಕೆ ಅರ್ಧ ಕಾರಣ ಆ ಸಮಾಧಾನವೇ. ನಾನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿ, "ಹೌದಲ್ರಿ ಮೇಡಂ, ನೀವು ಹೇಳೋದು ಖರೇನ ಅದ. ವರ್ಷಾ ಹಿಂಗೇ ಆಗ್ತದ ನೋಡ್ರಿ," ಅಂದರು. ಆಮೇಲೆ ಚಹಾ ತರಿಸಿದರು.

ಹೀಗೆ ಕಟ್ಟಿಕೊಂಡ ಗಟಾರದ ನೀರು ಕೊನೆಗೆ ಹೋಗಿ ನುಗ್ಗುತ್ತಿದ್ದದ್ದು ನಮ್ಮ ಓಣಿಯ ಕಟ್ಟಕಡೆಯ ಮನೆಗೆ. ಅದು ಬಳೆ ಮಾರುವ ಖಾಲಾನ ಮನೆ. ಖಾಲಾ ಅಂದರೆ ಚಿಕ್ಕಮ್ಮ, ಓಣಿಗೆಲ್ಲ ಅವರು ಖಾಲಾನೇ. ನನ್ನ ಮದುವೆಗೆ ಹಸಿರು ಬಳೆ ಇಟ್ಟವರು ಅವರೇ. ಗಂಡ ತೀರಿಕೊಂಡ ಮೇಲೂ ಬಳೆ ಮಲಾರ ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಮಗಳನ್ನು ದೊಡ್ಡವಳನ್ನಾಗಿ ಮಾಡಿದವರು. ಪಂಚಾಯತಿ ಸಿಮೆಂಟು ಹಾಕಿದಾಗಲೆಲ್ಲ ಓಣಿಯ ರಸ್ತೆ ಒಂದಿಷ್ಟು ಮೇಲೇರಿತು, ಖಾಲಾನ ಹೊಸ್ತಿಲು ಇದ್ದಲ್ಲೇ ಉಳಿಯಿತು. ಈಗ ಅವರ ಮನೆಗೆ ಹೋಗಬೇಕಾದರೆ ಮೆಟ್ಟಿಲು ಇಳಿದು ಹೋಗಬೇಕು. ಮನೆಯಲ್ಲಿ ಇರುವುದೇ ಒಂದು ಖೋಲಿ. ಅಡುಗೆ, ಊಟ, ಮಲಗುವುದು ಎಲ್ಲ ಅಲ್ಲೇ.

ನನ್ನ ಸದಸ್ಯತ್ವದ ಕೊನೆಯ ಬೇಸಿಗೆಯಲ್ಲಿ, ರಂಗಂಪೇಟೆಗೆ ಕೊಟ್ಟಿದ್ದ ಅವರ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬುವುದು ಮುಂಗಾರಿನ ಮಿರಗದ ಮಳೆ ಕೂಡುವ ಹೊತ್ತಿಗೆ. ಮಾತಾಡಿಸಲು ಹೋದವಳು ಆ ಖೋಲಿಯನ್ನು ಸುತ್ತ ನೋಡಿದೆ. ಬಾಣಂತಿ ಮಲಗುವುದೂ ಇಲ್ಲೇ, ಕೂಸು ಮಲಗುವುದೂ ಇಲ್ಲೇ, ಊರಿನ ಹೊಲಸು ನೀರು ಬರುವುದೂ ಇಲ್ಲೇ. ಖಾಲಾ ಏನೂ ಕೇಳಲಿಲ್ಲ. ನಾನೇ ಹೇಳಿದೆ.

"ಖಾಲಾ, ಈ ಸಲ ನಿಮ್ಮ ಮನಿಗಿ ನೀರು ಬರಂಗಿಲ್ಲ. ಬರಾಕ ನಾ ಬಿಡಂಗಿಲ್ಲ."

"ಹೌದು ಬೇಟಿ, ಬರಂಗಿಲ್ಲ. ನೀ ಅದೀಯಲ್ಲ," ಅಂದರು ಖಾಲಾ, ಚಹಾ ಸೋಸುತ್ತ. ಮಗಳು ಗೋಡೆಗೆ ಒರಗಿ ಕೂತು ನಗುತ್ತಿದ್ದಳು. ನನಗೆ ಆ ಹೊತ್ತು ನನ್ನ ಮೇಲೆಯೇ ದೊಡ್ಡ ಅಭಿಮಾನ ಬಂದಿತ್ತು.

ಮುಂದಿನ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತೆ. ಒಂದು ದಿನ ಟ್ಯಾಂಕರ್ ಬಿಚ್ಚಿ ಟ್ರಾಲಿ ಕಟ್ಟಿ ಕೊಡಿರಿ, ನಮ್ಮ ಓಣಿಯ ಹೂಳು ಎತ್ತಿಸುತ್ತೇನೆ ಎಂದೆ. ಮೇಲಿನ ಓಣಿಯ ಸದಸ್ಯರಿಗೆ ಮೈಮೇಲೆ ಬಂದಂತಾಯಿತು. "ನಮ್ಮ ಓಣ್ಯಾಗ ಲಗ್ನ ಅದಾವ. ನೀರಿಲ್ದ ಬೀಗರ ಮುಂದ ಮರ್ಯಾದಿ ಕಳ್ಕೋಬೇಕೇನ್ರಿ?" ಹಾಗಾದರೆ ಕಾಲುವೆ ಬಂದ್ ಆಗುವ ಮೊದಲೇ, ಟ್ರ್ಯಾಕ್ಟರ್ ಖಾಲಿ ಇದ್ದಾಗಲೇ ಯಾಕೆ ಹೂಳು ತೆಗೆಸಲಿಲ್ಲ ಎಂದು ಕೇಳಿದೆ. ಅದಕ್ಕೂ ಉತ್ತರ ತಯಾರಿತ್ತು: ಆಗ ತೆಗೆದರೆ ಮಳೆಗಾಲದ ಹೊತ್ತಿಗೆ ಮತ್ತೆ ತುಂಬುತ್ತದಂತೆ. ಒಬ್ಬ ಹಿರಿಯ ಸದಸ್ಯರು ನನ್ನನ್ನು ಸಮಾಧಾನ ಮಾಡಲು ಬಂದರು.

"ಒಂದೀಟ್ ತಡೀರಿ ತಂಗಿ. ರಾಡಿ ಏನ್ ಎಲ್ಲಿಗೂ ಓಡಿ ಹೋಗಂಗಿಲ್ಲ."

"ಓಡಿ ಹೋಗ್ತದರಿ ಅಣ್ಣಾರ. ವರ್ಷಾ ಓಡಿ ಹೋಗೇ ಖಾಲಾನ ಮನಿಯೊಳಗ ಹೊಗ್ತದ."

ಸಭೆಗೆ ಸಭೆಯೇ ನಕ್ಕಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ನಾನು ಯಾರನ್ನೂ ನಗಿಸಲು ಹೇಳಿರಲಿಲ್ಲ. ಆ ನಗುವಿನಲ್ಲಿ ನನ್ನ ವಿಷಯ ಮುಳುಗಿ, ಸಭೆ ಮುಂದಿನ ವಿಷಯಕ್ಕೆ ಹೋಯಿತು.

ಪಂಚಾಯತಿಯ ಟ್ರ್ಯಾಕ್ಟರಿನ ಆಸೆ ಬಿಟ್ಟು ಪಕ್ಕದ ಊರಿನ ನನ್ನ ಸೋದರಮಾವನ ಕಾಲು ಹಿಡಿದೆ. ಅವನ ಟ್ರ್ಯಾಕ್ಟರ್ ಶಹಾಪುರದ ಮಾರುಕಟ್ಟೆಗೆ ಜನರ ಹತ್ತಿ, ಭತ್ತ ಹೇರುತ್ತಿತ್ತು. "ಇಂದ ಗಟಾರದ ಹೊಲಸು ಹೇರಿದ್ರ ನಾಳಿ ಭತ್ತದ ಚೀಲ ಯಾರ್ ಕೊಡ್ತಾರವ್ವ?" ಎಂದು ಗೊಣಗಿದ. ನನ್ನ ಮುಖ ನೋಡಿ ಹೂಂ ಅಂದ. ಒಂದು ಶುಕ್ರವಾರ ಬೆಳಿಗ್ಗೆ ಬಂದೇ ಬಂದ. ಆದರೆ ಗಾಡಿ ಬಂದ ಮೇಲೆ ತುಂಬುವವರು ಯಾರು? ಗಟಾರ ಬಳಿದವರನ್ನು ಕೇಳಿದರೆ, "ನಮಗ ಹೇಳಿದ್ದು ತೆಗಿಯೋದಷ್ಟೇ ರೀ, ಮ್ಯಾಲ ಹೇರೋದಕ್ಕ ಯಾರೂ ಹೇಳಿಲ್ಲ," ಅಂದರು. ಅವರ ಮಾತು ಖರೆ. ಆ ಕೂಲಿಯಲ್ಲಿ ಅಷ್ಟು ಮಾಡಿದ್ದೇ ಹೆಚ್ಚು. ಪ್ರತಿ ಮುಂಜಾನೆ ವಾಸನೆ ವಾಸನೆ ಎಂದು ಮೂಗು ಮುಚ್ಚಿಕೊಂಡು ನನ್ನ ಮನೆಗೆ ದೂರು ತರುತ್ತಿದ್ದವರು ಕಟ್ಟೆಯ ಮೇಲೆ ಕೂತು ನೋಡತೊಡಗಿದರು. ಕೊನೆಗೆ ನಾನು, ನನ್ನ ಗಂಡ, ಮಾವನ ಜೊತೆಗೆ ಬಂದಿದ್ದ ಒಬ್ಬ ಹಮಾಲ, ಮೂವರೇ ಸಲಿಕೆ ಹಿಡಿದೆವು. "ಮೆಂಬರ್ ಆಗಿ ಬುಟ್ಟಿ ಹೊರೋದು ಛಂದ ಕಾಣಂಗಿಲ್ರಿ," ಎಂದು ಕಟ್ಟೆಯಿಂದ ಒಂದು ಉಪದೇಶ ಬಂತು. ಕೈ ಒಂದೂ ಬರಲಿಲ್ಲ.

ಓಣಿಯ ಕೆಳಗಿನ ತುದಿಯಲ್ಲಿ ಮನೆಗಳ ಕಟ್ಟೆ ಬೀದಿಗೆ ಚಾಚಿ ಟ್ರಾಲಿ ಹೊರಳಲು ಜಾಗವೇ ಇರಲಿಲ್ಲ. ಮೇಲಿನ ತುದಿಯಲ್ಲಿ ನಿಲ್ಲಿಸಿಕೊಂಡು ಅಲ್ಲಿಯದನ್ನು ಮೊದಲು ತುಂಬಿದೆವು. ಕೆಳಗಿನದನ್ನು ನಾಳೆ ಬುಟ್ಟಿಯಲ್ಲಿ ಹೊತ್ತು ತರೋಣ ಎಂದುಕೊಂಡೆವು. ಟ್ರಾಲಿ ತುಂಬಿತು. ಗೊಬ್ಬರವಾಗುತ್ತದೆ, ನನ್ನ ಹೊಲಕ್ಕೇ ಸುರಿಯಿರಿ ಎಂದು ಹೇಳಿದ್ದ ರೈತ, ಗಾಡಿ ಬಂದಾಗ ಹೊಲದ ಬದುವಿಗೆ ಅಡ್ಡ ನಿಂತ. ರಾಡಿಯಲ್ಲಿ ಗುಟ್ಕಾ ಚೀಟಿ, ಹಾಲಿನ ಪಾಕೀಟು, ಹರಿದ ಚಪ್ಪಲಿ. "ಇದು ಗೊಬ್ಬರ ಏನ್ರಿ? ಇದನ್ನ ಹಾಕಿದ್ರ ನನ್ನ ಹೊಲದಾಗ ಚಪ್ಪಲಿ ಬೆಳೀತಾವ!" ಅವನನ್ನೂ ತಪ್ಪು ಅನ್ನಲಾಗುವುದಿಲ್ಲ. ಇದೇ ನನಗೆ ತಲೆ ಕೆಡಿಸುತ್ತಿದ್ದದ್ದು: ಯಾರನ್ನು ಕೇಳಿದರೂ ಅವರವರ ಮಾತು ಸರಿಯೇ ಇರುತ್ತಿತ್ತು, ಹೂಳು ಮಾತ್ರ ಇದ್ದಲ್ಲೇ ಇರುತ್ತಿತ್ತು. ಅಷ್ಟು ದುರ್ವಾಸನೆಯ ಗಾಡಿ ಊರ ಸುತ್ತ ಮೆರವಣಿಗೆ ಹೋಗಿ, ಹೊತ್ತು ಇಳಿಯುವಾಗ ಒಂದು ಹಳೆಯ ಕಲ್ಲಿನ ಖಣಿಯಲ್ಲಿ ಖಾಲಿಯಾಯಿತು.

ಮರುದಿನ ಮಾವ ಬರಲಿಲ್ಲ. ಫೋನು ಮಾಡಿದರೆ ಗಾಲಿ ಪಂಕ್ಚರ್ ಅಂದ. ಅದರ ಮರುದಿನವೂ ಪಂಕ್ಚರ್. ಅಷ್ಟು ದಿನ ಪಂಕ್ಚರ್ ಆಗಿರುವ ಗಾಲಿ ನಾನು ನೋಡಿಲ್ಲ. ಮೇಲಿನ ಅರ್ಧ ಓಣಿ ಸ್ವಚ್ಛವಾಗಿತ್ತು, ಖಾಲಾನ ಕಡೆಯ ಅರ್ಧದಲ್ಲಿ ಗುಡ್ಡೆಗಳು ಹಾಗೇ ಕೂತಿದ್ದವು. ಬುಟ್ಟಿ ಹಿಡಿದು ಒಬ್ಬಳೇ ಹೊರಲು ಹೋಗಿ ಸೊಂಟ ಹಿಡಿಸಿಕೊಂಡು ಮಲಗಿದೆ. ಮಲಗಿದಲ್ಲಿಂದಲೇ ಪಿಡಿಒಗೆ ದಿನಾ ಫೋನು. "ನೋಡಾಕತ್ತೇನ್ರಿ ಮೇಡಂ," ಎಂದು ದಿನಾ ಅದೇ ಸಮಾಧಾನ.

ಅಷ್ಟರಲ್ಲಿ ಶಹಾಪುರದ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಹೆಣ್ಣು ಕೂಸು. ಖಾಲಾ ಮೊಮ್ಮಗಳನ್ನು ಮಡಿಲಲ್ಲಿ ಇಟ್ಟುಕೊಂಡು ಮಗಳ ಜೊತೆ ಆಟೊದಲ್ಲಿ ಬಂದು ಓಣಿಯ ಮೇಲಿನ ತುದಿಯಲ್ಲಿ ಇಳಿದರು. ಕಿಟಕಿಯಿಂದ ಅವರನ್ನು ನೋಡಿ ನಾನು ಹೊರಗೆ ಬರಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ? ಇನ್ನೊಂದು ವಾರ ಮಳೆ ಬರದಿರಲಿ ಎಂದು ಬೇಡಿಕೊಂಡೆ. ಸುತ್ತಲಿನ ಹೊಲದವರೆಲ್ಲ ಬರಲಿ ಎಂದು ಬೇಡಿಕೊಳ್ಳುತ್ತಿದ್ದರು.

ಅವರದೇ ನಡೆಯಿತು. ಒಂದು ಮಧ್ಯಾಹ್ನ ಗಾಳಿ ಎದ್ದು, ಮುಗಿಲು ಕರ್ರಗಾಗಿ, ಊಟದ ತಾಟು ಎತ್ತುವಷ್ಟರಲ್ಲಿ ಹೊಡೆಯತೊಡಗಿತು. ಸೊಂಟದ ನೋವು ಮರೆತು ಓಡಿದೆ. ಗುಡ್ಡೆಗಳು ನನ್ನ ಕಣ್ಣೆದುರೇ ಕರಗಿ ಗಟಾರಕ್ಕೆ ಇಳಿಯುತ್ತಿದ್ದವು. ಮೇಲಿನ ಅರ್ಧ ಸ್ವಚ್ಛ ಮಾಡಿದ್ದೆವಲ್ಲ, ಆ ಕಡೆಯ ನೀರು ತಡೆಯಿಲ್ಲದೆ ಮತ್ತಷ್ಟು ಜೋರಾಗಿ ಕೆಳಗೆ ಧಾವಿಸುತ್ತಿತ್ತು. ನನ್ನ ಒಂದು ದಿನದ ಪುರುಷಾರ್ಥ ಅಷ್ಟು ಮಾಡಿತ್ತು. ನಡುಬೀದಿಯಲ್ಲಿ ನಿಂತು ಯಾರನ್ನು ಬೈಯಬೇಕೆಂದು ತಿಳಿಯದೆ ಎಲ್ಲರನ್ನೂ ಬೈದೆ.

ಖಾಲಾನ ಬಾಗಿಲಲ್ಲಿ ನೀರು ಆಗಲೇ ಮೊಣಕಾಲ ಕೆಳಗಿನವರೆಗೆ ಏರಿತ್ತು. ಮೆಟ್ಟಿಲು ಇಳಿಯುತ್ತಿರುವಾಗ ಫೋನು ಬಂತು. ಪಿಡಿಒ. "ಮೇಡಂ, ಮಳಿ ಛಲೋ ಆತಲ್ರಿ. ಟ್ಯಾಂಕರ್ ಬಂದ್ ಮಾಡ್ಸೀವಿ. ನಾಳಿ ಟ್ರ್ಯಾಕ್ಟರ್ ಖಾಲಿ ಅದ, ನಿಮ್ಮ ಓಣಿಗಿ ಕಳಿಸ್ಲೇನ್ರಿ?" ನಾನು ಏನೆಂದೆನೋ ಇಲ್ಲಿ ಬರೆಯುವಂತಿಲ್ಲ. ಆ ಸಮಾಧಾನದ ಮನುಷ್ಯನೂ ಆಮೇಲೆ ತಿಂಗಳುಗಟ್ಟಲೆ ನನಗೆ ಫೋನು ಮಾಡಲಿಲ್ಲ.

ಒಳಗೆ ಖಾಲಾ ಸೀರೆ ಎತ್ತಿ ಕಟ್ಟಿಕೊಂಡು ಅಲ್ಯೂಮಿನಿಯಂ ತಾಟಿನಿಂದ ನೀರು ಹೊರಗೆ ಚೆಲ್ಲುತ್ತಿದ್ದರು. ಮಂಚದ ಮೇಲೆ ಮಗಳು, ಅವಳ ಮಗ್ಗುಲಲ್ಲಿ ಕೂಸು, ಇಬ್ಬರೂ ಒಣ ಹಾಸಿಗೆಯಲ್ಲಿ ಬೆಚ್ಚಗೆ. ಮಂಚ ನನ್ನ ಎದೆಯ ಮಟ್ಟದಲ್ಲಿತ್ತು. ನಾಲ್ಕೂ ಕಾಲುಗಳ ಕೆಳಗೆ ಕಲ್ಲಿನ ಮೇಲೆ ಕಲ್ಲು ಕೂಡಿಸಿ, ಅಲುಗದಂತೆ ಸಂದಿಗೆ ಸಿಮೆಂಟು ಮೆತ್ತಲಾಗಿತ್ತು. ಬಳೆಯ ಡಬ್ಬಿಗಳು, ಹಿಟ್ಟಿನ ಡಬ್ಬಿ, ಕೂಸಿನ ಬಟ್ಟೆ ಎಲ್ಲ ಅಟ್ಟದ ಮೇಲೆ ಏರಿದ್ದವು. ಮಳೆ ಶುರುವಾದ ಮೇಲೆ ಗಡಿಬಿಡಿಯಲ್ಲಿ ಮಾಡಿದ ಕೆಲಸ ಅದಲ್ಲ, ಮನೆ ಕಟ್ಟುವ ಗೌಂಡಿಯ ಕೈಕೆಲಸ. ಸಿಮೆಂಟು ಒಣಗಿ ಬೆಳ್ಳಗಾಗಿತ್ತು.

ಖಾಲಾ ಬೈಯುತ್ತಾರೆ ಎಂದುಕೊಂಡು ಬಂದಿದ್ದೆ. ಬೈಯಲಿ ಎಂದೇ ಬಂದಿದ್ದೆ. ಅವರು, "ಬಾ ಬೇಟಿ, ಯಾಕ ತೊಯ್ಸ್‌ಕೊಂಡ್ ಬಂದಿ?" ಎಂದು ನನಗೆ ತಲೆ ಒರೆಸಿಕೊಳ್ಳಲು ಟವೆಲು ಕೊಟ್ಟರು.

"ಖಾಲಾ, ಈ ಕಲ್ಲು ಯಾವಾಗ ಇಟ್ರಿ?"

"ಅದೇನ್ ಬಿಡು," ಅಂದರು. ಮತ್ತೆ ಕೇಳಿದೆ. ಅವರು ತಾಟಿನಿಂದ ನೀರು ಎತ್ತಿ ಚೆಲ್ಲಿದರು. ಮೂರನೆಯ ಸಲ ಕೇಳಿದಾಗ ನನ್ನ ಮುಖ ನೋಡದೆ ಮೆಲ್ಲಗೆ ಹೇಳಿದರು:

"ಈ ಸಲ ನೀರು ಬರಂಗಿಲ್ಲ ಅಂತ ನೀ ಹೇಳಿ ಹೋದೆಲ್ಲಾ, ಅವತ್ತ ಸಂಜೀಕ ಗೌಂಡಿನ ಕರಸಿ ಇಡಿಸೀನಿ, ಬೇಟಿ."