ಸೊಸೆಯ ಕೈಗೆ ತಕಲಿ

ನಾಲ್ಕು ಜನ ಕುಳಿತಲ್ಲಿ ನನಗೆ ಮಾತು ಹೊರಡುವುದಿಲ್ಲ ಮಕ್ಕಳೇ, ನಿಮಗೆ ಗೊತ್ತಿರುವುದೇ. ಅದಕ್ಕೇ ಬರೆಯುತ್ತಿದ್ದೇನೆ. ಕೈಯಲ್ಲಿ ತಕಲಿ ಇದ್ದರೆ ಮಾತ್ರ ಸುಮ್ಮನೆ ಕುಳಿತವಳನ್ನು ಯಾರೂ ಮಾತಿಗೆಳೆಯುವುದಿಲ್ಲ. ಪಾಪ, ಕೆಲಸದಲ್ಲಿದ್ದಾಳೆ ಎನ್ನುತ್ತಾರೆ. ನಿಮ್ಮ ಅಜ್ಜ ಹೋದ ಮೇಲಿನ ದಿನಗಳನ್ನೂ ನಾನು ಹೀಗೆ ನೂತೇ ಕಳೆದೆ.

ಉಣ್ಣೆ ನೂಲುವುದು ದೊಡ್ಡ ವಿದ್ಯೆಯೇನಲ್ಲ. ಹಿಂಜಿದ ಉಣ್ಣೆಯ ಎಳೆಯನ್ನು ತಕಲಿಗೆ ಸಿಕ್ಕಿಸಿ, ಬೆರಳಿನಿಂದ ತಿರುಗಿಸಿ ಬಿಟ್ಟರೆ ಅದು ಗರಗರ ಸುತ್ತುತ್ತ ಕೆಳಗಿಳಿಯುತ್ತದೆ, ಉಣ್ಣೆ ನೂಲಾಗುತ್ತದೆ. ಚಿಕ್ಕವಳಿದ್ದಾಗ ಊರ ಸಾಲೆಯಲ್ಲಿ ಮಾಸ್ತರರು ಭೂಮಿ ತಿರುಗುತ್ತದೆ ಎಂದಾಗ ಎಲ್ಲರೂ ಬೆರಗಾದರು. ನನಗೆ, ಹಾಗಾದರೆ ನೂಲುವವರು ಯಾರು ಎಂದು ಕೇಳುವ ಆಸೆಯಾಯಿತು. ನಾಚಿ ಕೇಳಲಿಲ್ಲ. ಇವತ್ತಿಗೂ ಉತ್ತರ ಗೊತ್ತಿಲ್ಲ.

ಈ ವರ್ಷ ನಿಮ್ಮ ರೇಣುಕಾ ಕಕ್ಕಿ ಹೆರಿಗೆ ರಜೆ ಮುಗಿಸಿ ಕುಷ್ಟಗಿಯ ಸಾಲೆಗೆ ಪಾಠ ಹೇಳಲು ಹೋಗತೊಡಗಿದಳು. ಕೂಸು ಗೌರಿ ಹಗಲೆಲ್ಲ ನನ್ನ ಪಾಲು. ಮೊದಮೊದಲು ಅವಳ ಅಳು ಕೇಳಿ ಓಣಿಯ ನಾಯಿಗಳೂ ಬಂದು ಇಣುಕಿ ಹೋದವು. ಜೋಗುಳ ಹಾಡಿದೆ, ಅಳು ಇನ್ನೂ ಜೋರಾಯಿತು. ಸೋತು ತಕಲಿ ತಿರುಗಿಸಿದೆ. ಅಳು ನಿಂತಿತು! ಅಂದಿನಿಂದ ನಾನು ನೂಲುವುದು, ಅವಳು ಬಾಯಿ ತೆರೆದು ನೋಡುವುದು. ಉಣ್ಣೆಯ ಜಿಡ್ಡಿನ ಕೈಯಿಂದಲೇ ಎತ್ತಿಕೊಂಡು ಎತ್ತಿಕೊಂಡು ಕೂಸಿಗೂ ಕುರಿಮರಿಯ ವಾಸನೆ ಹತ್ತಿತು. ಅಷ್ಟು ಸುಖದ ನೂಲನ್ನು ನಾನು ಎಂದೂ ನೂತಿರಲಿಲ್ಲ.

ಆದರೆ ಸಂಜೆ ಬಸ್ಸಿಳಿದು ಬಂದ ರೇಣುಕಾ ಕೈ ಚಾಚಿದರೆ ಗೌರಿ ಮುಖ ತಿರುಗಿಸಿ ತಕಲಿಯನ್ನೇ ನೋಡುವಳು. ಪಕ್ಕದ ಮನೆಯ ನೀಲವ್ವ ಕಟ್ಟೆಯಿಂದಲೇ ಕೂಗಿದಳು: “ಸಾಲಿ ಅಕ್ಕೋರು ಬಂದ್ರು, ಕೂಸು ಹಾಜರಿ ಕೊಡವಲ್ದು ನೋಡ್ರಿ!”

ರೇಣುಕಾ ನಕ್ಕಳು. ಒಳಗೆ ಬಂದವಳು ನಗಲಿಲ್ಲ.

“ಅತ್ತಿ, ಇಕಿಗೆ ನಾ ಯಾರೋ ಆಗೇನಿ. ನೌಕರಿ ಬಿಟ್ಟು ಮನ್ಯಾಗ ಇರ್ಲೇನ್ರಿ?”

ಮರುದಿನ ಅವಳು ಬರುವ ಹೊತ್ತಿಗೆ ತಕಲಿಯನ್ನು ಕೌದಿಯ ಕೆಳಗೆ ಮುಚ್ಚಿಟ್ಟೆ. ಕೂಸು ಮನೆ ಹಾರಿಹೋಗುವಂತೆ ಅತ್ತಿತು. ಕೊನೆಗೆ ತಕಲಿಯನ್ನು ತೆಗೆದು ಸೊಸೆಯ ಕೈಗೇ ಕೊಟ್ಟೆ.

“ತಗೋ, ನೀ ನೂಲು.”

“ನನಗೆಲ್ಲಿ ಬರತೈತ್ರಿ?”

“ಬರದಿದ್ರ ಬಿಡು. ತಿರುಗಿಸು ಸಾಕು.”

ತಿರುಗಿಸಿದಳು. ಎಳೆ ಪಟ್ಟನೆ ಹರಿದು ತಕಲಿ ಟಣ್ಣನೆ ನೆಲಕ್ಕೆ ಬಿದ್ದು ಉರುಳಿತು. ಗೌರಿ ಅಳು ನಿಲ್ಲಿಸಿ ಕಣ್ಣರಳಿಸಿದಳು. ಮತ್ತೆ ಹರಿಯಿತು, ಮತ್ತೆ ಬಿತ್ತು. ಕೂಸು ಕೇಕೆ ಹಾಕಿ ನಕ್ಕಿತು! ನನ್ನ ನೂಲು ಹರಿಯುವುದಿಲ್ಲವಲ್ಲ, ಅವಳು ಹಾಗೆ ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ.

“ಹೂಂ, ನಗು! ನಿಮ್ಮವ್ವಗ ಏನೂ ಬರಂಗಿಲ್ಲಂತ ನಗು!” ಎನ್ನುತ್ತ ರೇಣುಕಾಳೂ ನಗತೊಡಗಿದಳು. ಗೌರಿ ಅಂಬೆಗಾಲಿಡುತ್ತ ಹೋಗಿ ಅವಳ ತೊಡೆ ಹತ್ತಿದಳು. ನಾನು ರೊಟ್ಟಿ ಬಡಿಯುವ ನೆಪದಲ್ಲಿ ಒಳಗೆ ಸರಿದೆ.

ನೌಕರಿ ಬಿಡುವ ಮಾತು ಮತ್ತೆ ಬರಲಿಲ್ಲ. ಈಗ ದಿನಾ ಸಂಜೆ ಅವಳು ನೂಲುವ ನೂಲೆಲ್ಲ ಗಂಟುಗಂಟು. ಯಾವ ಕಂಬಳಿಗೂ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ನನಗೂ ಆಸೆ ನೋಡಿ. ನಿನ್ನೆ ಮಧ್ಯಾಹ್ನ ಬೇಕೆಂದೇ ಎಳೆ ಹರಿದು ತಕಲಿ ಬೀಳಿಸಿದೆ. ಗೌರಿ ನಗಲಿಲ್ಲ. ಬಿದ್ದ ತಕಲಿಯನ್ನು ನೋಡಿದಳು, ನನ್ನ ಮುಖ ನೋಡಿದಳು, ಆಮೇಲೆ ತಿರುಗಿ ಬಾಗಿಲ ಕಡೆ ನೋಡಿದಳು.

“ಬರ್ತಾಳ ತಡಿಯವ್ವ” ಎಂದು ಎಳೆ ಕೂಡಿಸಿದೆ.