ಬೆಳ್ತಂಗಡಿಯ ಪೆಟ್ಟಿಗೆ ಎಲ್ಲರನ್ನೂ ಕರೆದದ್ದು

ಟೈಲ್ಸ್ ವ್ಯಾಪಾರದ ಹಾಜಿಯವರಿಗೆ ಬಂಟ್ವಾಳದಲ್ಲೂ ಬೆಳ್ತಂಗಡಿಯಲ್ಲೂ ಅಂಗಡಿಗಳಿದ್ದವು. ಮೂಡುಬಿದಿರೆಯಲ್ಲಿ ಮೂರನೆಯದನ್ನು ತೆರೆಯುವವರಿದ್ದರು. ಮೂರನ್ನೂ ಒಂದು ಕಂಪ್ಯೂಟರ್ ಜಾಲಕ್ಕೆ ಸೇರಿಸುವುದು ನಾನು ಸ್ವಂತವಾಗಿ ಹಿಡಿದ ಮೊದಲ ಕೆಲಸ. ಹಾಜಿಯವರ ಅಳಿಯನಿಗೆ ಮಂಗಳೂರಿನ ದೊಡ್ಡ ಕಂಪೆನಿಯ ಮೇಲೆ ಮನಸ್ಸು. "ಉದ್ಘಾಟನೆ ದಿನ ಬಿಲ್ಲು ಬಂದ್ರೆ ಈ ಹುಡುಗಿ. ಇಲ್ಲದಿದ್ರೆ ನಿನ್ನ ಕಂಪೆನಿ" ಎಂದು ಹಾಜಿಯವರು ನನ್ನೆದುರೇ ತೀರ್ಮಾನ ಕೊಟ್ಟರು.

ಬಿಲ್ಲು ಬರುವುದು ಇಂಟರ್ನೆಟ್ಟಿನ ಮೂಲಕ. ಪ್ರತಿ ಅಂಗಡಿಗೂ ಒಂದು ರೂಟರ್ ಪೆಟ್ಟಿಗೆ. ತನ್ನ ಮೂಲಕ ಯಾವ ಕಂಪ್ಯೂಟರ್ ವಿಳಾಸಗಳಿಗೆ ಹೋಗಬಹುದೆಂದು ಅದು ನಡುವಿನ ಒಂದು ಮುಖ್ಯ ಪೆಟ್ಟಿಗೆಗೆ ತಿಳಿಸುತ್ತದೆ, ಮುಖ್ಯ ಪೆಟ್ಟಿಗೆ ಉಳಿದವಕ್ಕೆ ಸಾರುತ್ತದೆ. ಪೆಟ್ಟಿಗೆಗಳಿಗೆ ಸಂಶಯವೆಂಬುದಿಲ್ಲ, ಹೇಳಿದ್ದನ್ನು ನಂಬುತ್ತವೆ.

ಬೆಳ್ತಂಗಡಿಯ ಮ್ಯಾನೇಜರರ ಬಾಯಲ್ಲಿ "ಇಲ್ಲ" ಎಂಬ ಮಾತೇ ಬರುವುದಿಲ್ಲ. ಯಾವ ಟೈಲ್ಸ್ ಕೇಳಿದರೂ "ಉಂಟು, ಕೂತ್ಕೊಳ್ಳಿ" ಎಂದು ಚಾ ಕೊಟ್ಟು, ಆಮೇಲೆ ಪಕ್ಕದ ಅಂಗಡಿಗೆ ಫೋನ್ ಮಾಡುವವರು. ನಾನು ವಿಳಾಸಗಳನ್ನು ತುಂಬುವಾಗಲೂ ಹಿಂದೆ ನಿಂತು, "ಎಲ್ಲ ಹಾಕಿ ಮಾರಾಯ್ರೆ, ನಮ್ಮಲ್ಲಿ ಇಲ್ಲ ಅಂತ ಆಗ್ಬಾರ್ದು" ಎಂದರು. ಹಿರಿಯರು, ಮೂರು ಸಲ ಚಾ ಕೊಟ್ಟವರು. ಆ ಅಂಗಡಿಯವಷ್ಟೇ ಸಾಕಿತ್ತು, ದಾಕ್ಷಿಣ್ಯಕ್ಕೆ ಬಿದ್ದು "ಎಲ್ಲ ವಿಳಾಸಗಳೂ" ಎಂದು ಒತ್ತಿಬಿಟ್ಟೆ. ಆಮೇಲೆ ತೆಗೆದರಾಯಿತು ಎಂದುಕೊಂಡೆ, ಮರೆತೆ. ನನ್ನ ತಲೆಗಿಷ್ಟು!

ಉದ್ಘಾಟನೆಯ ಬೆಳಿಗ್ಗೆ ಮೂಡುಬಿದಿರೆಯಲ್ಲಿ ಕೂತು ಮೂರನ್ನೂ ಜೋಡಿಸಿದೆ. ಹಾಜಿಯವರು ರಿಬ್ಬನ್ ಕತ್ತರಿಸಿದರು. ಮಿಜಾರಿನ ಗಿರಾಕಿಯೊಬ್ಬರು ಬಚ್ಚಲಿನ ಟೈಲ್ಸ್ ಆರಿಸಿ ನಿಂತರು. ಬಿಲ್ಲು ಬರಲಿಲ್ಲ. ಬಂಟ್ವಾಳದಿಂದಲೂ ಫೋನ್, ಅಲ್ಲೂ ಬರುತ್ತಿಲ್ಲ. ಇಡೀ ಜಗತ್ತಿಗೆ ತನ್ನಲ್ಲೇ ದಾರಿ ಉಂಟೆಂದು ಬೆಳ್ತಂಗಡಿ ಸಾರಿತ್ತು. ತಂತಮ್ಮ ಲೈನಿನಲ್ಲಿ ನೇರ ಇಂಟರ್ನೆಟ್ಟಿಗೆ ಹೋಗಬೇಕಾದದ್ದೆಲ್ಲ ಅಲ್ಲಿಗೆ ನುಗ್ಗಿ, ಅಲ್ಲಿಯ ಸಪೂರ ಲೈನಿನಲ್ಲಿ ಸಿಕ್ಕಿಕೊಂಡಿತ್ತು. ಅಳಿಯ ಮೆಲ್ಲ ನಗುತ್ತಾ ಮೊಬೈಲ್ ತೆಗೆದ. ನನಗೆ ಮೈಯೆಲ್ಲ ಉರಿಯಿತು.

ಲ್ಯಾಪ್‌ಟಾಪಿನಲ್ಲಿ "ಎಲ್ಲ ವಿಳಾಸಗಳೂ" ಎಂಬ ಆ ಒಂದು ಗುರುತು ತೆಗೆದೆ. ಸ್ವಲ್ಪ ಹೊತ್ತಿಗೆ ಬಿಲ್ಲು ಬಂತು.

"ಎಂಥ ಆದದ್ದು?" ಹಾಜಿಯವರು ಕೇಳಿದರು.

"ಲೈನ್ ಹೋಗಿತ್ತು" ಎಂದರೆ ಮುಗಿಯಿತು. ನಮ್ಮ ಕಸುಬಿನವರ ಸಕಲ ಪಾಪವೂ ಆ ಎರಡು ಶಬ್ದಗಳಲ್ಲಿ ತೊಳೆದುಹೋಗುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಪರದೆಯ ಮೇಲೆ ಬೆಳ್ತಂಗಡಿಯ ಹೆಸರು ಕಂಡು, ಅಲ್ಲಿಗೆ ಫೋನ್ ಮಾಡಿ, ಸ್ಪೀಕರಿನಲ್ಲಿಟ್ಟು, "ನೀನು ಅಲ್ಲಿ ಎಂಥ ಮಾಡಿದ್ದು ಮಾರಾಯ?" ಎಂದು ಗದರಿಸಿದರು.

"ಎಲ್ಲ ಹಾಕ್ಲಿಕ್ಕೆ ನಾನೇ ಹೇಳಿದ್ದು ಹಾಜಿಯವ್ರೆ. ನಂದೇ ತಪ್ಪು." ಮ್ಯಾನೇಜರರು ಹೇಳಿದರು.

ನಾಚಿಕೆಯಿಂದ ಸತ್ತುಹೋದೆ.

"ಅವರು ಹೇಳಿದ್ದು ಹೌದು. ಹಾಕಿದ್ದು ನಾನು. ಹಾಕ್ಬಾರ್ದು ಅಂತ ನನಗೆ ಗೊತ್ತಿತ್ತು" ಎಂದೆ.

"ನಾನು ಹೇಳ್ಲಿಲ್ವಾ ಮಾವ?" ಎಂದ ಅಳಿಯ.

"ನಿನ್ನ ಕಂಪೆನಿಯವರು ಹೀಗೆ ಒಪ್ಪಿಕೊಳ್ತಾರಾ?"

ಅಳಿಯ ಮೊಬೈಲನ್ನು ಜೇಬಿಗೆ ಹಾಕಿದ. ಹಾಜಿಯವರು ನನ್ನತ್ತ ತಿರುಗಿದರು. "ಸಿದ್ಧಕಟ್ಟೆಯಲ್ಲಿ ಗೋಡೌನ್ ಒಂದು ಉಂಟು. ಅದನ್ನೂ ನೀವೇ ಮಾಡಿ."

"ಮಾಡ್ತೇನೆ" ಎನ್ನಲು ಹೋಗಿ ಗೊಳೋ ಎಂದು ಅತ್ತುಬಿಟ್ಟೆ. ಮಿಜಾರಿನ ಗಿರಾಕಿ ಒಮ್ಮೆ ನನ್ನನ್ನು, ಒಮ್ಮೆ ಬಿಲ್ಲನ್ನು ನೋಡಿ, ರೇಟು ಇನ್ನೂ ಇಳಿಯಬಹುದೆಂದು ಅಲ್ಲೇ ನಿಂತರು.